ಹೊರಗಿನವರಿಗೆ ಮಂಗಳೂರು, ಒಳಗಿನವರಿಗೆ?

ಮಳೆಗಾಲ ಮುಗಿದು ಬಿಸಿಲು ಬಿದ್ದ ಕೂಡಲೇ ಮಂಗಳೂರಿನ ಕುರಿತ ಪಟ್ಟಿಗಳು ಹೊರಬರತೊಡಗುತ್ತವೆ. ಪತ್ರಿಕೆಗಳ ವಾರಾಂತ್ಯದ ಪುರವಣಿ, ಹೋಟೆಲುಗಳ ಕೈಪಿಡಿ, ಪ್ರವಾಸೋದ್ಯಮ ಇಲಾಖೆಯ ಬಣ್ಣದ ಹಾಳೆ, ಈಗೀಗ ಮೊಬೈಲಿನ ಅರ್ಧ ನಿಮಿಷದ ವಿಡಿಯೋ, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಸರಕು. ತಿನ್ನಬೇಕಾದದ್ದು ನೀರುದೋಸೆ, ಕೋರಿರೊಟ್ಟಿ, ಬಂಗುಡೆ ಪುಳಿಮುಂಚಿ, ಗೋಳಿಬಜೆ, ಗಡ್‌ಬಡ್ ಐಸ್‌ಕ್ರೀಮ್. ನೋಡಬೇಕಾದದ್ದು ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಸುಲ್ತಾನ್ ಬತ್ತೇರಿ. ಮಾಡಬೇಕಾದದ್ದು ಪಣಂಬೂರಿನಲ್ಲೋ ತಣ್ಣೀರುಬಾವಿಯಲ್ಲೋ ಸೂರ್ಯ ಮುಳುಗುವುದನ್ನು ನೋಡುತ್ತಾ ಗೆಳೆಯ ಗೆಳತಿಯರೊಂದಿಗೆ ಕುಳಿತುಕೊಳ್ಳುವುದು. ಈ ಪಟ್ಟಿಗಳ ಮಂಗಳೂರಿನಲ್ಲಿ ಮಳೆಯೇ ಬರುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ಇದೆಂದು ಅವುಗಳನ್ನು ಓದಿದವರಿಗೆ ಗೊತ್ತಾಗುವುದೂ ಇಲ್ಲ. ಅದಿರಲಿ.

ಪಟ್ಟಿಯಲ್ಲಿರುವ ಯಾವ ತಿಂಡಿಯ ಮೇಲೂ ನನಗೆ ಸಿಟ್ಟಿಲ್ಲ. ಗಡ್‌ಬಡ್ ಉಡುಪಿಯದೋ ಮಂಗಳೂರಿನದೋ ಎಂಬ ಜಗಳದಲ್ಲಿ ಬೇಕಿದ್ದರೆ ಯಾವ ಪಕ್ಷ ವಹಿಸಲೂ ಸಿದ್ಧ. ನನ್ನ ತಕರಾರು ಬೇರೆ. ಈ ಪಟ್ಟಿಗಳು ಹೊರಗಿನಿಂದ ಬಂದವನಿಗೆ ಒಂದು ಭರವಸೆ ಕೊಡುತ್ತವೆ: ಇಲ್ಲಿ ಯಾರ ಮನೆಯ ಅಡುಗೆಯನ್ನಾದರೂ ತಿನ್ನು, ಯಾರ ಆರಾಧನಾಲಯವನ್ನಾದರೂ ಹೊಕ್ಕು ನೋಡು, ಯಾರ ಜೊತೆಗಾದರೂ ಕಡಲ ದಂಡೆಯಲ್ಲಿ ಕೂರು. ಇದೇ ಭರವಸೆಯನ್ನು ಈ ಊರು ತನ್ನ ಸ್ವಂತ ಮಕ್ಕಳಿಗೆ ಕೊಡುತ್ತಿದೆಯೇ? ಕೊಡುತ್ತಿಲ್ಲ ಎಂಬುದು ಇಲ್ಲಿ ಕಾಲೇಜಿಗೆ ಹೋಗುವ ಯಾವ ಹುಡುಗ ಹುಡುಗಿಯನ್ನು ಕೇಳಿದರೂ ತಿಳಿಯುತ್ತದೆ. ಅತಿಥಿಗೆ ಉಣಬಡಿಸಿ ಮನೆಯವರನ್ನು ಪಂಕ್ತಿಯಿಂದ ಎಬ್ಬಿಸುವ ಈ ವ್ಯವಹಾರದ ಬಗ್ಗೆ ಮಾತಾಡಬೇಕಾಗಿದೆ.

ಊಟದಿಂದಲೇ ತೊಡಗೋಣ. ಪಟ್ಟಿಗಳು 'ಮಂಗಳೂರು ಅಡುಗೆ' ಎಂದು ಕರೆಯುವುದರಲ್ಲಿ ಯಾರ್‍ಯಾರ ಅಡುಗೆ ಇದೆ? ಬಂಟರ ಕೋರಿರೊಟ್ಟಿ ಇದೆ, ಕೊಂಕಣಿಗರ ಪತ್ರೊಡೆ ಇದೆ, ಕ್ರೈಸ್ತರ ಸನ್ನಾಂ ಮತ್ತು ಹಂದಿಮಾಂಸದ ಬಫಾತ್ ಕೂಡ ಇರುತ್ತದೆ. ಬ್ಯಾರಿಗಳ ಪಾಲಿಗೆ ಬರುವುದು 'ಬಿರಿಯಾನಿ' ಎಂಬ ಒಂದೇ ಪದ. ಆ ಬಿರಿಯಾನಿ ಹೈದರಾಬಾದಿನಲ್ಲೂ ಸಿಗುತ್ತದೆ, ಭಟ್ಕಳದಲ್ಲೂ ಸಿಗುತ್ತದೆ. ಬ್ಯಾರಿ ಮನೆಯ ಪತ್ತಿರ್ ಎಲ್ಲಿ ಹೋಯಿತು? ಅಕ್ಕಿಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎಣ್ಣೆಯಿಲ್ಲದೆ ಬೇಯಿಸುವ ಆ ರೊಟ್ಟಿಯನ್ನು ಹದವಾಗಿ ತೆಗೆಯಲು ಒಂದು ತಲೆಮಾರಿನ ಅಭ್ಯಾಸ ಬೇಕು. ಬೇಯಿಸಿದ ಅಕ್ಕಿಯ ಉಂಡೆಗಳನ್ನು ಮಾಂಸದ ಮಸಾಲೆಯಲ್ಲಿ ಇಳಿಬಿಟ್ಟು ಮಾಡುವ ಪಿಂಡಿ ಎಲ್ಲಿ? ತುಳುವರು ಬೆಳಿಗ್ಗೆ ಚಟ್ನಿಯ ಜೊತೆ ತಿನ್ನುವ ಪುಂಡಿಗೂ ಬ್ಯಾರಿಗಳ ಈ ಪಿಂಡಿಗೂ ಹೆಸರಿನಲ್ಲಿ ಒಂದು ಸ್ವರದ ವ್ಯತ್ಯಾಸ, ಪಾತ್ರೆಯಲ್ಲಿ ಸ್ವಲ್ಪ ಮಸಾಲೆಯ ವ್ಯತ್ಯಾಸ. ತುಳುವಿನಲ್ಲಿ ನೀರ್ ದೋಸೆ, ಕೊಂಕಣಿಯಲ್ಲಿ ಪಾನ್‌ಪೊಳೊ. ಎಲ್ಲರ ಒಲೆಯ ಮೇಲೂ ಅದೇ ಅಕ್ಕಿ, ಅದೇ ತೆಂಗಿನಕಾಯಿ. ನಡುವೆ ಇರುವುದು ಒಂದು ಬೇಲಿಯಷ್ಟೇ, ಆ ಬೇಲಿಯ ಮೇಲಿಂದ ಪಾತ್ರೆಗಳು ಆಚೀಚೆ ಹೋಗುತ್ತಿದ್ದುದನ್ನು ನೋಡಿದವರು ಇನ್ನೂ ಬದುಕಿದ್ದಾರೆ.

ಪುಳಿಮುಂಚಿಯನ್ನೇ ತೆಗೆದುಕೊಳ್ಳಿ. ಮಂಗಳೂರಿನ 'ಅಪ್ಪಟ' ರುಚಿ ಎಂದು ಇದನ್ನು ಮಾರುತ್ತಾರೆ. ಪುಳಿ ಎಂದರೆ ಹುಳಿ, ಮುಂಚಿ ಎಂದರೆ ಮೆಣಸು. ಆದರೆ ಆ ಕೆಂಪು ಮೆಣಸು ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಈ ಕಡಲಿಗೆ ಬಂದದ್ದು. ಅದಕ್ಕೂ ಮೊದಲು ಇಲ್ಲಿದ್ದದ್ದು ಕರಿಮೆಣಸು. ತುಳುವರು ಅದನ್ನು ಇಂದಿಗೂ 'ಎಡ್ಡೆ ಮುಂಚಿ' ಎನ್ನುತ್ತಾರೆ, ಕರಾವಳಿಯ ಕನ್ನಡದಲ್ಲಿ ಅದೇ 'ಒಳ್ಳೆಮೆಣಸು'. ಹೊಸ ಮೆಣಸು ಬಂದಾಗ ಹಳೆಯದಕ್ಕೆ 'ಒಳ್ಳೆಯದು' ಎಂಬ ಬಿರುದು ಕೊಟ್ಟು ಎರಡನ್ನೂ ಇಟ್ಟುಕೊಂಡ ಜನ ಇವರು. ಇಂದು ಅದೇ ಪುಳಿಮುಂಚಿಗೆ ಬೇಕಾದ ಮೆಣಸು ಘಟ್ಟದ ಮೇಲಿನ ಬ್ಯಾಡಗಿಯಿಂದ ಬರುತ್ತದೆ. ಗೇರುಬೀಜ, ಅನಾನಸು ಕೂಡ ಪರದೇಶದಿಂದ ಬಂದು ಇಲ್ಲಿ ಬೇರುಬಿಟ್ಟವು. ಶುದ್ಧ ಸಂಸ್ಕೃತಿಯ ಬಗ್ಗೆ ಮೈಕಿನಲ್ಲಿ ಕಿರುಚುವವರು ಮನೆಗೆ ಹೋಗಿ ತಿನ್ನುವುದು ಇದನ್ನೇ.

ಇನ್ನು ಮೀನು. ಪಟ್ಟಿಗಳು ಹೇಳುವುದು 'ತಾಜಾ ಮೀನು' ಎಂದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ನಾಡದೋಣಿಯ ಅಲ್ಪಸ್ವಲ್ಪ ಮೀನು ಬಿಟ್ಟರೆ ತಟ್ಟೆಗೆ ಬೀಳುವುದರಲ್ಲಿ ಹೆಚ್ಚಿನದು ಪೂರ್ವ ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಲಾರಿಯೇರಿ ಬಂದದ್ದು. ಇದು ಸಣ್ಣ ವಂಚನೆ, ಕ್ಷಮಿಸಬಹುದು. ದೊಡ್ಡದು ಬೂತಾಯಿಯದು. ಬ್ಯಾರಿಗಳ ಮತ್ತಿ, ಕೊಂಕಣಿಗರ ತಾರ್ಲಿ, ತುಳುವರ ಬೂತಾಯಿ, ಮೂರು ಹೆಸರಿನ ಈ ಒಂದು ಮೀನು ಕರಾವಳಿಯ ಬಡವನ ಗಂಜಿಯ ಜೊತೆಗಾರ. ಅಂಜಲ್ ಮತ್ತು ಮಾಂಜಿ ಹೋಟೆಲಿಗೆ ಹೋದರೂ ಬೂತಾಯಿ ಮನೆಗೆ ಬರುತ್ತಿತ್ತು. ಈಗ ಅದರಲ್ಲಿ ದೊಡ್ಡ ಪಾಲು, ಮರಿಗಳೂ ಸೇರಿ, ಮೀನುಹಿಟ್ಟು ಮತ್ತು ಮೀನೆಣ್ಣೆಯ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿಂದ ಸಿಗಡಿ ಸಾಕುವವರ ಕೊಳಗಳಿಗೆ ಮೇವಾಗುತ್ತದೆ. ಆ ಲಾರಿಗಳಿಂದ ಹೆದ್ದಾರಿಯ ಮೇಲೆ ಸೋರುವ ಮೀನಿನ ನೀರು ಮಂಗಳೂರಿಗರಿಗೆಲ್ಲ ಪರಿಚಿತ. ಬಡವನ ಮೀನು ಸಿಗಡಿಗೆ, ಸಿಗಡಿ ಪರದೇಶದ ತಟ್ಟೆಗೆ. 'ಕಡಲೂರಿನ ರುಚಿ' ಎಂದು ಬರೆಯುವವರು ಈ ದಾರಿಯನ್ನು ಒಮ್ಮೆಯಾದರೂ ಹಿಂಬಾಲಿಸಬಾರದೇ?

ನಿಜವಾಗಿ ಮೀನನ್ನು ನೋಡಬೇಕೆನ್ನುವವರು ಬೆಳಗಿನ ಜಾವ ಐದು ಗಂಟೆಗೆ ಬಂದರಿನ ದಕ್ಕೆಗೆ ಹೋಗಲಿ. ಅಲ್ಲಿ ಹರಾಜು ಕೂಗುವವರಲ್ಲಿ ಮೊಗವೀರರಿದ್ದಾರೆ, ಬ್ಯಾರಿಗಳಿದ್ದಾರೆ. ಬೋಟಿನಿಂದ ಬುಟ್ಟಿ ಇಳಿಸುವವರಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದ ಹುಡುಗರಿದ್ದಾರೆ. ಬುಟ್ಟಿ ಹೊತ್ತು ಮಾರಲು ಹೊರಡುವವರು ಮೊಗವೀರ ಹೆಂಗಸರು. ಒಬ್ಬರ ಬೋಟು, ಇನ್ನೊಬ್ಬರ ಬಂಡವಾಳ, ಮೂರನೆಯವರ ತೋಳು. ಈ ಕೊಡುಕೊಳ್ಳುವಿಕೆ ನಿಂತರೆ ಮರುದಿನ ಮಂಗಳೂರಿನಲ್ಲಿ ಮೀನಿಲ್ಲ. ಯಾವ ಪಟ್ಟಿಯಲ್ಲೂ ದಕ್ಕೆಯನ್ನು ನಾನು ಕಂಡಿಲ್ಲ. ವಾಸನೆ ಬರುತ್ತದೆ ಎಂಬುದು ಕಾರಣವಿರಬೇಕು.

ನೋಡಬೇಕಾದ ಸ್ಥಳಗಳ ವಿಷಯದಲ್ಲಿ ಪಟ್ಟಿಗಾರರು ಮಾಡುವುದು ಇನ್ನೊಂದು ಬಗೆಯ ಅನ್ಯಾಯ. ಅವರು ಕಟ್ಟಡವನ್ನು ತೋರಿಸುತ್ತಾರೆ, ಅದನ್ನು ಕಟ್ಟಿದ ಕಾರಣವನ್ನು ಬಿಡುತ್ತಾರೆ. ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರವೆಂದರೆ ದಸರಾದ ದೀಪಾಲಂಕಾರ, ಅಷ್ಟೇ. ಬಿಲ್ಲವರಿಗೆ ದೇವಸ್ಥಾನಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕೇರಳದಿಂದ ನಾರಾಯಣ ಗುರುಗಳನ್ನು ಕರೆಸಿ 1912ರಲ್ಲಿ ಪ್ರತಿಷ್ಠೆ ಮಾಡಿಸಿದ ದೇವಾಲಯ ಅದು. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದರು. ಬೆಳಕಿನ ಮಾಲೆಗಿಂತ ದೊಡ್ಡ ಸಂಗತಿ ಇದಲ್ಲವೇ? ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪರ ಕುಂದವರ್ಮ ಕ್ರಿ.ಶ. 968ರಲ್ಲಿ ಮಾಡಿಸಿದ. ಬೌದ್ಧರ ಅವಲೋಕಿತೇಶ್ವರ, ನಾಥಪಂಥದ ಯೋಗಿಗಳು, ಶೈವರ ಮಂಜುನಾಥ ಎಲ್ಲರೂ ಆ ಗುಡ್ಡದಲ್ಲಿ ಒಬ್ಬರ ಮಗ್ಗುಲಲ್ಲಿ ಒಬ್ಬರು ಇದ್ದಾರೆ. ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಮತ್ತು ಛಾವಣಿಗೆ ಚಿತ್ರ ಬರೆದವನು ಅಂತೋನಿಯೊ ಮೊಸ್ಕೆನಿ ಎಂಬ ಇಟಲಿಯ ಜೆಸುಯಿಟ್ ಸಹೋದರ, 1899ರಿಂದ 1901ರ ನಡುವೆ. ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ತೆರೆದವರು ಬಾಸೆಲ್ ಮಿಷನಿನವರು, ಮಣ್ಣು ಮಾತ್ರ ನಮ್ಮ ನದಿಗಳದ್ದು.

ಬಂದರಿನ ಕಡೆಗೆ ಪಟ್ಟಿಗಾರರ ಕಾಲು ಹೋಗುವುದೇ ಅಪರೂಪ. ಟಿಪ್ಪು ಕಟ್ಟಿಸಿದ ಬತ್ತೇರಿಯ ಮುಂದೆ ನಿಂತು ಫೋಟೊ ತೆಗೆದು ಹಿಂತಿರುಗುತ್ತಾರೆ. ಜೀನತ್ ಬಕ್ಷ್ ಮಸೀದಿಯ ಒಳಗಿನ ಮರದ ಕಂಬಗಳ ಕೆತ್ತನೆ ನೋಡಿದವರೆಷ್ಟು ಮಂದಿ? ಅರಬ್ ವರ್ತಕರ ಕಾಲಕ್ಕೇ ಹೋಗುತ್ತದೆಂದು ಪರಂಪರೆ ಹೇಳುವ ಮಸೀದಿ ಅದು. ಅದರ ಸುತ್ತಲಿನ ಬೀದಿಗಳಲ್ಲಿ ಬ್ಯಾರಿಯ ಮಳಿಗೆಯ ಪಕ್ಕ ಕೊಂಕಣಿಗರ ಮಳಿಗೆ, ಅಕ್ಕಿಮೂಟೆಯ ಪಕ್ಕ ಏಲಕ್ಕಿ ಮೂಟೆ. ಈ ಊರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ. 2014ರಲ್ಲಿ ಸರಕಾರ 'ಮಂಗಳೂರು' ಎಂಬ ಕನ್ನಡದ ಹೆಸರನ್ನು ಅಧಿಕೃತಗೊಳಿಸಿದಾಗಲೂ ಉಳಿದ ಮೂರು ಹೆಸರುಗಳು ಬಾಯಲ್ಲಿ ಹಾಗೆಯೇ ಉಳಿದವು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಸಿದ್ದ, ಸುಮಾರು 17 ವರ್ಷ ಇಲ್ಲಿದ್ದ, ಇಲ್ಲಿನ ಹೆಣ್ಣನ್ನೇ ಮದುವೆಯಾದ. ಬೊಮ್ಮ ಎಂಬ ತುಳುವ ಅವನ ಪರವಾಗಿ ಏಡನ್‌ವರೆಗೆ ವ್ಯಾಪಾರಕ್ಕೆ ಹೋಗಿಬರುತ್ತಿದ್ದ. ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ ಹೋಗುತ್ತಿತ್ತು, ಅಲ್ಲಿಂದ ಸಕ್ಕರೆ, ದ್ರಾಕ್ಷಿ, ಕಾಗದ ಬರುತ್ತಿತ್ತು. ಕೈರೋದಲ್ಲಿ ಸಿಕ್ಕ ಪತ್ರಗಳಿಂದ ಇದು ತಿಳಿದುಬಂತು, ಅಮಿತಾವ್ ಘೋಷ್ ಅದನ್ನು ಹಿಡಿದು 1992ರಲ್ಲಿ ಪುಸ್ತಕವನ್ನೇ ಬರೆದರು. ಆಮೇಲೆ 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದ. ಫಾರಸ್ ಮತ್ತು ಯೆಮನಿನ ವರ್ತಕರು ಇಲ್ಲಿ ಇಳಿಯುತ್ತಾರೆ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಊರಿನ ಮಗ್ಗುಲಲ್ಲಿ ವಾಸಿಸುತ್ತಾರೆ, ಮೆಣಸು ಶುಂಠಿ ಹೇರಳವಾಗಿದೆ ಎಂದು ಬರೆದ. ಸೌಹಾರ್ದದ ಭಾಷಣ ಮಾಡುವವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಈ ಮುಸ್ಲಿಮರಿಗೂ ಊರಿನವರಿಗೂ ಆಗಾಗ ಜಗಳವಾಗುತ್ತದೆ, ವರ್ತಕರು ತನಗೆ ಬೇಕೆಂಬ ಕಾರಣಕ್ಕೆ ಅರಸ ರಾಜಿ ಮಾಡಿಸುತ್ತಾನೆ ಎಂದೂ ಅವನೇ ಬರೆದಿದ್ದಾನೆ. ಅಂದರೆ ಇದು ಎಂದೂ ಸ್ವರ್ಗವಾಗಿರಲಿಲ್ಲ. ಜಗಳ ಆಗ ಇತ್ತು. ಜಗಳ ಬಿಡಿಸುವುದು ತನ್ನ ಕೆಲಸವೆಂದು ತಿಳಿದ ಅರಸನೂ ಇದ್ದ. ಅವನೇನೂ ಮಹಾತ್ಮನಲ್ಲ, ಸುಂಕದ ಆದಾಯ ಬೇಕಿತ್ತು ಅವನಿಗೆ. 320 ಕಿಲೋಮೀಟರ್ ಕರಾವಳಿಯಲ್ಲಿ ಪ್ರವಾಸೋದ್ಯಮ ಬೆಳೆಸುತ್ತೇವೆ ಎಂದು ಹೇಳಿಕೊಂಡು ಬಂದ ನಮ್ಮ ಸರಕಾರಗಳಿಗೆ, ಅವು ಯಾವ ಪಕ್ಷದವಾಗಲಿ, ಆ ವ್ಯಾಪಾರಿ ಬುದ್ಧಿಯಾದರೂ ಇದೆಯೇ?

ಈಗ 'ಮಾಡಬೇಕಾದದ್ದು' ಎಂಬ ಭಾಗಕ್ಕೆ ಬರೋಣ. ಕಡಲ ದಂಡೆಯಲ್ಲಿ ಗೆಳೆಯರ ಜೊತೆ ಕೂರುವುದು ಎಂದಿದೆಯಷ್ಟೇ. 2009ರ ಜನವರಿ 24ರಂದು ನಗರದ ಒಂದು ಪಬ್ಬಿಗೆ ನುಗ್ಗಿದ ಗುಂಪು ಹುಡುಗಿಯರನ್ನು ಅಟ್ಟಾಡಿಸಿ ಹೊಡೆಯಿತು. ದೇಶವೆಲ್ಲ ಟೀವಿಯಲ್ಲಿ ನೋಡಿತು. 2018ರಲ್ಲಿ ಆ ಪ್ರಕರಣದ ಆರೋಪಿಗಳು ಖುಲಾಸೆಯಾದರು. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. ಅದನ್ನು ಚಿತ್ರೀಕರಿಸಿ ಜಗತ್ತಿಗೆ ತೋರಿಸಿದ ಪತ್ರಕರ್ತ ನವೀನ್ ಸೂರಿಂಜೆಯವರೇ ತಿಂಗಳುಗಟ್ಟಲೆ ಜೈಲಿನಲ್ಲಿರಬೇಕಾಯಿತು. 2024ರಲ್ಲಿ ಆ ಪ್ರಕರಣದ ಆರೋಪಿಗಳೂ ಖುಲಾಸೆಯಾದರು. ಇಡೀ ದೇಶ ಕಣ್ಣಾರೆ ಕಂಡ ಹೊಡೆತಗಳನ್ನು ಕೊನೆಗೆ ಯಾರೂ ಹೊಡೆದಿರಲಿಲ್ಲ. ಪಟ್ಟಿಗಳು ಹೊಗಳುವ ಸೋಮೇಶ್ವರದ ದಂಡೆಯಲ್ಲಿ 2023ರ ಜೂನ್ 1ರಂದು ಮೂವರು ವಿದ್ಯಾರ್ಥಿಗಳಿಗೆ ಪೆಟ್ಟು ಬಿತ್ತು. ಅವರು ಮುಸ್ಲಿಮ್ ಹುಡುಗರು, ಬೇರೆ ಧರ್ಮದ ಸಹಪಾಠಿಗಳೊಂದಿಗೆ ಸಮುದ್ರ ನೋಡಲು ಬಂದಿದ್ದರು. ಅವರು ಮಾಡಿದ್ದು ಪ್ರವಾಸೋದ್ಯಮ ಇಲಾಖೆ ಮಾಡಿ ಎಂದು ಹೇಳಿದ್ದನ್ನೇ.

ದೊಡ್ಡ ಸುದ್ದಿಯಾದ ಘಟನೆಗಳು ಕೆಲವೇ. ಸುದ್ದಿಯಾಗದ್ದು ದಿನನಿತ್ಯದ್ದು. ಐಸ್‌ಕ್ರೀಮ್ ಅಂಗಡಿಯ ಮೂಲೆಯ ಮೇಜಿಗೆ ಇಬ್ಬರು ಬಂದು ನಿಲ್ಲುತ್ತಾರೆ, ಹೆಸರು ಕೇಳುತ್ತಾರೆ, ಗುರುತಿನ ಚೀಟಿ ಕೇಳುತ್ತಾರೆ, ಹುಡುಗಿಯ ಮನೆಗೆ ಫೋನು ಹೋಗುತ್ತದೆ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತದ್ದೇ ಅಪರಾಧವಾಗುತ್ತದೆ. ಈ ಕಾವಲು ಕೆಲಸ ಒಂದೇ ಸಮುದಾಯದವರ ಗುತ್ತಿಗೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬುರ್ಖಾ ತೊಟ್ಟ ಹುಡುಗಿ ಹಿಂದೂ ಸಹಪಾಠಿಯ ಜೊತೆ ನಿಂತರೆ ಮೊಬೈಲ್ ಎತ್ತಿ ಚಿತ್ರ ತೆಗೆದು ಹಂಚುವ ಹುಡುಗರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಅವರು ಧರ್ಮದ ಹೆಸರು ಹೇಳುತ್ತಾರೆ, ಮಾಡುವುದು ಅದೇ ಗೂಂಡಾಗಿರಿ. ಅವರನ್ನು ತಿದ್ದದ ಜಮಾಅತ್‌ಗಳಿಗೆ ಆಚೆಯವರ ನೈತಿಕ ಪೊಲೀಸ್‌ಗಿರಿಯನ್ನು ಖಂಡಿಸುವ ಬಾಯಿ ಎಲ್ಲಿಂದ ಬರಬೇಕು?

ಜಾತ್ರೆಯನ್ನೂ ಪಟ್ಟಿಗಳು ಬಿಡುವುದಿಲ್ಲ. 'ಸ್ಥಳೀಯ ಜಾತ್ರೆಯ ಸೊಬಗು ಸವಿಯಿರಿ' ಎಂದಿರುತ್ತದೆ. ಜಾತ್ರೆಯ ಸೊಬಗೆಂದರೆ ಬಳೆ, ಆಟಿಕೆ, ಚುರುಮುರಿ, ಕಲ್ಲಂಗಡಿ, ಐಸ್‌ಕ್ಯಾಂಡಿ. ಇವುಗಳನ್ನು ಮಾರುವವರಲ್ಲಿ ತಲೆತಲಾಂತರದಿಂದ ಮುಸ್ಲಿಮರಿದ್ದರು. 2022ರ ಮಾರ್ಚಿನಲ್ಲಿ ಅವಿಭಜಿತ ಜಿಲ್ಲೆಯ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅವಕಾಶವಿಲ್ಲ ಎಂಬ ಬ್ಯಾನರುಗಳು ಎದ್ದವು. ಮಂಗಳೂರಿಗೆ ಸಮೀಪದ ಮೂಲ್ಕಿಯ ಬಪ್ಪನಾಡಿನಲ್ಲೂ ಎದ್ದಿತು. ಬಪ್ಪನಾಡು ದುರ್ಗಾಪರಮೇಶ್ವರಿ ಕ್ಷೇತ್ರದ ಐತಿಹ್ಯವೇ ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕನಿಂದ ತೊಡಗುತ್ತದೆ. ಊರಿಗೆ ಹೆಸರು ಕೊಟ್ಟವನ ಜಾತಿಯವರು ಆ ಊರಿನ ಜಾತ್ರೆಯಲ್ಲಿ ಕಲ್ಲಂಗಡಿ ಕೊಯ್ದು ಮಾರುವಂತಿಲ್ಲ! 2023ರ ನವರಾತ್ರಿಯಲ್ಲಿ, ಊರಿಗೇ ಹೆಸರು ಕೊಟ್ಟಳೆಂದು ಎಲ್ಲರೂ ಹೇಳುವ ಮಂಗಳಾದೇವಿಯ ಸನ್ನಿಧಿಯಲ್ಲಿ ಹಿಂದೂಗಳ ಅಂಗಡಿಗಳನ್ನು ಗುರುತಿಸಲು ಭಗವಾಧ್ವಜ ಕಟ್ಟಲಾಯಿತು. ಜಾತ್ರೆಗೆ ಬಂದ ಪ್ರವಾಸಿ ಯಾವ ಅಂಗಡಿಯ ಚುರುಮುರಿ ತಿಂದ ಎಂದು ಯಾರೂ ಕೇಳಲಾರರು. ನೆರೆಮನೆಯವನನ್ನು ಕೇಳುತ್ತಾರೆ.

ಪ್ರವಾಸೋದ್ಯಮ ಬರಲಿ, ದುಡ್ಡು ಬರಲಿ, ಉದ್ಯೋಗ ಸಿಕ್ಕಿದರೆ ಈ ಹುಡುಗರೆಲ್ಲ ದಾರಿಗೆ ಬರುತ್ತಾರೆ ಎಂದು ವಾದಿಸುವ ಒಳ್ಳೆಯ ಮನಸ್ಸಿನ ಜನರಿದ್ದಾರೆ. ಅವರ ಆಸೆ ನನಗೆ ಅರ್ಥವಾಗುತ್ತದೆ, ಒಪ್ಪಿಕೊಳ್ಳಲಾರೆ. ಅವಿಭಜಿತ ದಕ್ಷಿಣ ಕನ್ನಡ ದೇಶಕ್ಕೆ ಐದು ದೊಡ್ಡ ಬ್ಯಾಂಕುಗಳನ್ನು ಕೊಟ್ಟಿತು. ವೈದ್ಯಕೀಯ, ತಾಂತ್ರಿಕ ಕಾಲೇಜುಗಳು ಬೀದಿಗೊಂದರಂತೆ ಇವೆ. ಕೊಲ್ಲಿಯ ಹಣ ಬಂತು, ಮಾಲುಗಳು ಬಂದವು. ದ್ವೇಷ ಕಡಿಮೆಯಾಯಿತೇ? 2025ರ ಏಪ್ರಿಲ್ 27ರಂದು ಕುಡುಪುವಿನ ಕ್ರಿಕೆಟ್ ಮೈದಾನದ ಬಳಿ ವಯನಾಡಿನಿಂದ ಬಂದಿದ್ದ ಒಬ್ಬ ಬಡಪಾಯಿ ಗುಜರಿ ಹೆಕ್ಕುವವನನ್ನು ಹೊಡೆದು ಕೊಂದರು. ಅವನೂ ಈ ಊರಿಗೆ ಹೊರಗಿನಿಂದ ಬಂದವನೇ. ಅದರ ಬೆನ್ನಿಗೆ ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಎರಡು ಕೊಲೆಗಳಾದವು, ಒಬ್ಬ ಹಿಂದೂ, ಒಬ್ಬ ಮುಸ್ಲಿಮ್. ಕೋಮು ಹಿಂಸೆ ತಡೆಯಲೆಂದೇ ಪೊಲೀಸರ ವಿಶೇಷ ಕಾರ್ಯಪಡೆಯನ್ನು ಸರಕಾರ ರಚಿಸಬೇಕಾಯಿತು. ಹಡಗಿನಲ್ಲಿ ಬರುವ ವಿದೇಶಿ ಪ್ರವಾಸಿಗರನ್ನು ಬಸ್ಸಿನಲ್ಲಿ ಕೂರಿಸಿ ದೇವಸ್ಥಾನ, ಚಾಪೆಲ್, ಗೇರುಬೀಜದ ಕಾರ್ಖಾನೆ ತೋರಿಸಿ ಸಂಜೆಯೊಳಗೆ ಹಡಗು ಹತ್ತಿಸುವ ಪ್ರವಾಸೋದ್ಯಮಕ್ಕೆ ಇದರಿಂದ ತೊಂದರೆಯಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ತಗಲಿ ಕಪ್ಪಾದ ಹೆಂಗಸರ ಬೆರಳುಗಳನ್ನು ಆ ಪ್ರವಾಸಿಗಳು ಗಮನಿಸುತ್ತಾರೋ ಇಲ್ಲವೋ. ದ್ವೇಷದ ಜೊತೆ ಹೊಂದಿಕೊಂಡು ಹೋಗುವ ಪ್ರವಾಸೋದ್ಯಮವೂ ಇರುತ್ತದೆ ಎಂಬುದನ್ನು ಈ ಒಳ್ಳೆಯ ಮನಸ್ಸಿನವರು ಅರಿಯಬೇಕು.

ಜಿಲ್ಲಾಡಳಿತ ನಾಳೆಯೇ ಮಾಡಬಹುದಾದ ಕೆಲಸಗಳಿವೆ, ಕೋಟಿಗಟ್ಟಲೆ ಅನುದಾನವೂ ಬೇಡ. ಕಡಲ ದಂಡೆಗಳಲ್ಲಿ 'ಈಜಬೇಡಿ', 'ಕಸ ಹಾಕಬೇಡಿ' ಎಂಬ ಫಲಕಗಳಿವೆ. ಇಲ್ಲಿ ಕುಳಿತವರ ಹೆಸರು, ಧರ್ಮ, ಗುರುತಿನ ಚೀಟಿ ಕೇಳುವ ಅಧಿಕಾರ ಯಾವ ಖಾಸಗಿ ವ್ಯಕ್ತಿಗೂ ಇಲ್ಲ, ಕೇಳಿದರೆ ಈ ಠಾಣೆಗೆ ತಿಳಿಸಿ ಎಂದು ಅದೇ ಫಲಕಗಳ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸಲಿ. ಹಾಗೆ ತಿಳಿಸಿದ ಹುಡುಗಿಯ ಮನೆಗೆ ಠಾಣೆಯಿಂದಲೇ ಫೋನು ಮಾಡುವ ಚಾಳಿ ನಿಲ್ಲಲಿ. ಜಾತ್ರೆಯ ಅಂಗಡಿಗಳ ಹರಾಜಿನ ದಿನ ತಹಶೀಲ್ದಾರರು ಖುದ್ದು ಹಾಜರಿದ್ದು ಬ್ಯಾನರುಗಳನ್ನು ತೆಗೆಸಲಿ. ಪ್ರವಾಸೋದ್ಯಮ ಇಲಾಖೆ ತನ್ನ ಮುಂದಿನ ಬಣ್ಣದ ಹಾಳೆಯಲ್ಲಿ ಪತ್ತಿರ್ ಮತ್ತು ಪಿಂಡಿಗೆ ಒಂದು ಸಾಲು ಕೊಡಲಿ, ದಕ್ಕೆಗೆ ಒಂದು ಸಾಲು, ಕುದ್ರೋಳಿ ಏಕೆ ಕಟ್ಟಿದರು ಎಂಬುದಕ್ಕೆ ಎರಡು ಸಾಲು. ಬರುವ ಅಕ್ಟೋಬರಿನೊಳಗೆ ಇದಾಗಬೇಕು, ಆಗ ಹೊಸ ಪಟ್ಟಿಗಳು ಅಚ್ಚಾಗುತ್ತವೆ.